ಉಸಿರಿನ ನೀರು

ತೀರಿಹೋದ ಪೇದೆ ನಿಂಗಪ್ಪನ ಶವದ ಮುಂದೆ ಅವನ ಗೆಳೆಯ, ಪೊಲೀಸ್ ಬ್ಯಾಂಡಿನ ಫಕೀರಪ್ಪ ಟ್ರಂಪೆಟ್ ಊದಬೇಕಿತ್ತು. ಒಂದೆರಡು ಸ್ವರ ಊದಿ ನೋಡಿ, ಅಡಿಯ ಸಣ್ಣ ವಾಲ್ವ್ ಒತ್ತಿ ಒಳಗಿನ ನೀರು ಹನಿಸಿದ.

ಹೊಸ ಸಾಹೇಬರು ಗದರಿದರು. “ಹೆಣದ ಮುಂದೆ ಎಂಜಲು ಚೆಲ್ತೀಯಾ? ಮುಗಿಯೋವರೆಗೂ ಆ ವಾಲ್ವ್ ಮುಟ್ಟಬೇಡ.”

ನೀರು ನಿಂತರೆ ಟ್ರಂಪೆಟ್ ಗೊಳಗೊಳ ಅನ್ನುತ್ತದೆ. ಗೆಳೆಯನ ಕೊನೆಯ ಮರ್ಯಾದೆ ಕೆಡುತ್ತದೆ. ಫಕೀರಪ್ಪ ಸೆಟೆದು ನಿಂತು ಕಾದ. ಸಾಹೇಬರು ಕನ್ನಡಕ ತೆಗೆದು, ಬಾಯಿಂದ ಹಾ ಎಂದು ಊದಿ, ಒರೆಸಿಕೊಂಡರು.

“ಸಾಹೇಬ್ರ, ಕನ್ನಡಕಕ್ಕ ಎಂಜಲು ಹಚ್ಚಿದ್ರೇನ್ರಿ?”

“ಎಂಜಲಲ್ಲಯ್ಯ, ಉಸಿರು.”

“ಇದೂ ಅಷ್ಟೇರಿ. ಹಿತ್ತಾಳಿಗೆ ತಾಗಿ ನೀರಾಗೇದ.”

ಸಾಹೇಬರು ಕನ್ನಡಕದ ಮೇಲಿನ ಮಂಜನ್ನೇ ನೋಡಿದರು. ಆಮೇಲೆ ತಲೆಯಾಡಿಸಿದರು.

ಫಕೀರಪ್ಪ ನೀರು ಹನಿಸಿ ಊದಿದ. ಮುಗಿದಾಗ ಸಾಹೇಬರ ಕನ್ನಡಕದ ಕೆಳಗೂ ಹನಿಯುತ್ತಿತ್ತು. ಅದು ಎಂಥ ನೀರೆಂದು ಅವನು ಕೇಳಲಿಲ್ಲ.