ಕಲೆ ಬಿದ್ದ ಜವೆ

ಕೃಷ್ಣೆಯ ದಂಡೆಗೆ ಒಂದು ಆಶ್ರಮ. ಅದಕ್ಕೆ ಹತ್ತಿಕೊಂಡೇ ಒಂದು ತುಂಡು ಹೊಲ. ಹೊಲದಲ್ಲಿ ಜವೆಗೋಧಿ.

ಬೆಳಗಿನ ಹೋಮಕ್ಕೆ ದಿನವೂ ಒಂದು ಹಿಡಿ ಜವೆ ಬೇಕು. ಉಳಿದದ್ದು ಅಂಬಲಿಗೆ.

ಬೀಜದ ಮಾತು ಮಾತ್ರ ಬೇರೆ. ತೆನೆ ಹಣ್ಣಾಗುವ ಹೊತ್ತಿಗೆ ಗುರುಗಳು ಅರಿಸಿನದ ದಾರ ಹಿಡಿದು ಹೊಲಕ್ಕಿಳಿಯುತ್ತಿದ್ದರು. ಬೀಜಕ್ಕೆ ಆರಿಸಿದ ಗಿಡಕ್ಕೆ ದಾರ ಕಟ್ಟುವುದು ಅಲ್ಲಿಯ ಪದ್ಧತಿ. ಕಟ್ಟಿದ್ದನ್ನು ಯಾರೂ ತಿನ್ನುವಂತಿಲ್ಲ, ಅಗ್ನಿಗೂ ಹಾಕುವಂತಿಲ್ಲ.

ಒಂದು ವರ್ಷ ಶಿಷ್ಯ ಪ್ರಾಣೇಶ ಅವರ ಬೆನ್ನ ಹಿಂದೆ ನಡೆದ. ಗುರುಗಳು ಹಸಿರಾಗಿ ನಿಂತ ಗಿಡಕ್ಕೆ ಕಟ್ಟಿದರು. ಎಲೆಯ ತುಂಬ ಚುಕ್ಕೆ ಬಿದ್ದ ಗಿಡಕ್ಕೂ ಕಟ್ಟಿದರು.

"ಗುರುಗಳೇ, ಇದಕ್ಕೆ ಭಂಡಾರ ಹತ್ತಿದೆ."

ತುಕ್ಕು ರೋಗಕ್ಕೆ ಆ ಕಡೆ ಹಾಗೆನ್ನುತ್ತಾರೆ. ಎಲೆ ಮುಟ್ಟಿದರೆ ಬೆರಳಿಗೆ ಅರಿಸಿನದಂಥ ಪುಡಿ ಅಂಟುತ್ತದೆ.

"ಹೌದು, ಹತ್ತಿದೆ."

"ರೋಗದ ಗಿಡ ಬೀಜಕ್ಕೇ?"

ಗುರುಗಳು ಅದರ ತೆನೆಯನ್ನು ಅಂಗೈಯಲ್ಲಿ ತಿಕ್ಕಿ ತೋರಿಸಿದರು. ಕಾಳು ಗಟ್ಟಿಯಾಗಿತ್ತು.

"ಕಲೆ ಬಿದ್ದೂ ಕಾಳು ಕಟ್ಟಿದೆಯಲ್ಲ."

ಪ್ರಾಣೇಶ ಹೂಂ ಎಂದ. ಮನಸ್ಸು ಒಪ್ಪಲಿಲ್ಲ.

ಮರುವರ್ಷ ಗುರುಗಳು ಬದರಿಗೆ ಹೋದರು. ಹೋದವರು ಅಲ್ಲೇ ಕೆಲವು ವರ್ಷ ನಿಂತರು. ದಾರದ ಉಂಡೆ ಪ್ರಾಣೇಶನ ಕೈಗೆ ಬಂತು.

ದೇವರಿಗೆ ಒಪ್ಪಿಸುವ ಕಾಳು ಹುಟ್ಟುವ ಹೊಲ ಶುದ್ಧವಾಗಿರಬೇಡವೇ ಎಂದು ಅವನ ಯೋಚನೆ. ಚುಕ್ಕೆ ಕಂಡ ಗಿಡವನ್ನೆಲ್ಲ ಕಾಳು ಬಲಿಯುವ ಮೊದಲೇ ಕಿತ್ತು ಸುಟ್ಟ. ಹೊಲದಲ್ಲಿ ಒಂದು ಬಗೆಯ ಜವೆ ಇತ್ತು. ಎಂಥ ಇಬ್ಬನಿಯಲ್ಲೂ ಅದರ ಎಲೆಗೆ ಒಂದು ಚುಕ್ಕೆಯೂ ಬೀಳದು. ಅದೊಂದಕ್ಕೇ ದಾರ ಕಟ್ಟಿದ. ವರ್ಷ ವರ್ಷ ಅದನ್ನೇ ಬಿತ್ತಿದ.

ಹೊಲ ಗಿಳಿಯ ರೆಕ್ಕೆಯ ಹಾಗಾಯಿತು. ನೋಡಲು ಊರೂರಿನಿಂದ ಜನ ಬಂದರು.

ಪಕ್ಕದ ಹೊಲ ತಿಪ್ಪವ್ವನದು. ಗಂಡ ತೀರಿಕೊಂಡ ಮೇಲೆ ಜವೆ ಬೆಳೆದೇ ಮಕ್ಕಳನ್ನು ಸಾಕಿದವಳು. ಒಂದು ದಿನ ಪ್ರಾಣೇಶ ಅವಳ ಬದುವಿನ ಮೇಲೆ ಹೋಗಿ ನಿಂತ.

"ತಿಪ್ಪವ್ವಾ, ನಿನ್ನ ಹೊಲದ ಭಂಡಾರ ಗಾಳಿಗೆ ಹಾರಿ ಆಶ್ರಮದ ಹೊಲಕ್ಕೆ ಬರುತ್ತದೆ. ಆ ಬೀಜ ಬಿಡು. ನಾನು ಬೇರೆ ಕೊಡುತ್ತೇನೆ."

"ನಮ್ಮತ್ತಿ ಸೋರೆ ಬುರುಡ್ಯಾಗ ಇಟ್ಟು ಹೋದ ಬೀಜ ರೀ, ಆಚಾರ್ರ. ಚುಕ್ಕಿ ಬೀಳತಾವ, ಖರೆ. ಆದರ ಒಂದ್ ವರ್ಷನೂ ಉಪಾಸ ಕೆಡವಿಲ್ಲ."

"ಅಂಥ ಹೊಲಸಿನ ಕಾಳು ದೇವರಿಗೆ ಕೊಡುತ್ತೀಯೇನು?"

ತಿಪ್ಪವ್ವ ಸೆರಗು ಹೊದ್ದುಕೊಂಡಳು.

"ದೇವರ ಹೆಸರ ತಗದ ಮ್ಯಾಲ ನಾ ಏನ್ ಮಾತಾಡ್ಲಿ?"

ಬುರುಡೆಯ ಬೀಜ ಬೀಸುವ ಕಲ್ಲಿಗೆ ಹೋಯಿತು. ಅವಳದೊಂದೇ ಅಲ್ಲ. ಪ್ರಾಣೇಶ ದಂಡೆಯ ಊರುಗಳಲ್ಲೆಲ್ಲ ಅದೇ ಮಾತು ಹೇಳಿಕೊಂಡು ತಿರುಗಿದ. ಎಲ್ಲರೂ ಅವನ ಬೀಜವನ್ನೇ ಒಯ್ದರು.

ಆಮೇಲೊಂದು ಪುಷ್ಯಮಾಸದಲ್ಲಿ ಇಬ್ಬನಿ ದಟ್ಟವಾಗಿ ಸುರಿಯಿತು. ಬೆಳಿಗ್ಗೆ ಹೊಲ ಸುತ್ತಿ ಬಂದ ಪ್ರಾಣೇಶನ ಬಿಳಿ ಧೋತರ ಮೊಣಕಾಲವರೆಗೆ ಹಳದಿಯಾಗಿತ್ತು.

ಭಂಡಾರ ಒಂದು ಗಿಡವನ್ನೂ ಬಿಡಲಿಲ್ಲ. ಪಕ್ಷ ಕಳೆಯುವುದರೊಳಗೆ ಅವನ ಹೊಲ, ತಿಪ್ಪವ್ವನ ಹೊಲ, ದಂಡೆಯ ಹೊಲಗಳೆಲ್ಲ ಒಣಗಿ ನಿಂತವು. ತೆನೆ ತಿಕ್ಕಿದರೆ ಅಂಗೈಯಲ್ಲಿ ಬರೀ ಹೊಟ್ಟು.

ಗುರುಗಳು ಮರಳಿ ಬಂದದ್ದು ಅದೇ ವಾರ. ಕಾಲು ಸಹ ತೊಳೆಯದೆ ನೇರ ಬದುವಿಗೆ ಬಂದು ನಿಂತರು.

"ಹೇಗಾಯಿತೋ ತಿಳಿಯದು ಗುರುಗಳೇ. ಇಷ್ಟು ವರ್ಷ ಒಂದು ಚುಕ್ಕೆಯೂ ಬಿದ್ದಿರಲಿಲ್ಲ!"

"ನೀನು ಊರಿನ ಮನೆಗಳಿಗೆಲ್ಲ ಒಂದೇ ಥರದ ಕೀಲಿ ಹಾಕಿಸಿದೆ. ಕಳ್ಳ ಒಂದು ಕೀಲಿಕೈ ಮಾಡಿಕೊಂಡ."

ತಿಪ್ಪವ್ವ ಆಚೆ ಬದುವಿನಿಂದ ಕೂಗಿದಳು.

"ಆಚಾರ್ರ, ದೇವರಿಗೆ ಏನ್ ಕೊಡ್ತೀರಿ ಈಗ? ಹೊಟ್ಟ? ಆತ ಹೆಂಗರ ಉಪಾಸ ಇರ್ತಾನ, ರೂಢಿ ಐತಿ. ನನ್ನ ಹುಡುಗರಿಗೆ ರೂಢಿ ಇಲ್ರಿ."

ಗುರುಗಳು ತಮ್ಮ ಹೆಗಲ ಜೋಳಿಗೆ ತೆಗೆದು ಪ್ರಾಣೇಶನ ಹೆಗಲಿಗೆ ಹಾಕಿದರು.

"ಹೋಗು. ಆ ಕಲೆ ಬೀಳುವ ಜವೆ ಒಂದು ಹಿಡಿ ಎಲ್ಲಿದ್ದರೂ ಬೇಡಿ ತಾ."

ಪ್ರಾಣೇಶ ದಂಡೆ ಹಿಡಿದು ನಡೆದ. ಒಂದೊಂದೇ ಬಾಗಿಲಲ್ಲಿ ನಿಂತ.

"ನೀವ ಅಂದಿದ್ರಲ್ರೀ, ಅದು ಹೊಲಸು ಅಂತ?"

"ಬೀಸಿ ಉಂಡ್ವಿ, ಆಚಾರ್ರ."

ಒಬ್ಬ ಮುದುಕಿ ಒಳಗೆ ಹೋದಳು. ಸೋರೆ ಬುರುಡೆ ತಂದು ಅವನ ಜೋಳಿಗೆಯ ಮೇಲೆ ಬೋರಲು ಹಾಕಿದಳು. ಒಂದು ಜೇಡ ಬಿತ್ತು.

ಅವನು ಮರಳುವಾಗ ದಸರೆ ಕಳೆದಿತ್ತು. ತಿಪ್ಪವ್ವ ಬಿತ್ತುತ್ತಿದ್ದಳು. ಜವೆಯಲ್ಲ.

"ಕಡ್ಲಿ ಹಾಕೀನ್ರಿ," ಎಂದಳು ತಲೆ ಎತ್ತದೆ. "ಇದಕ್ಕೂ ಮಡಿ ಉಡಸಬ್ಯಾಡ್ರಿ."

ಆಶ್ರಮದಲ್ಲಿ ಗುರುಗಳು ಹೋಮಕುಂಡದ ಮುಂದೆ ಕುಳಿತಿದ್ದರು. ಜವೆಯ ಬಟ್ಟಲಲ್ಲಿ ಎಳ್ಳು ಇತ್ತು. ಪ್ರಾಣೇಶ ಬರಿದಾದ ಜೋಳಿಗೆ ಅವರ ಪಾದದ ಬಳಿ ಇಟ್ಟ.

"ಎಲ್ಲಿಯೂ ಇಲ್ಲ?"

"ಎಲ್ಲಿಯೂ ಇಲ್ಲ."

ಗುರುಗಳು ಒಂದು ಚಿಟಿಕೆ ಎಳ್ಳು ಬೆಂಕಿಗೆ ಹಾಕಿದರು.

"ನನಗೆ ಪ್ರಾಯಶ್ಚಿತ್ತ ಹೇಳಿ, ಗುರುಗಳೇ. ಎಂಥ ಉಪವಾಸವಾದರೂ ಸೈ, ಎಷ್ಟು ದೂರದ ಯಾತ್ರೆಯಾದರೂ ಸೈ. ಈ ಕಲೆ ನನ್ನಿಂದ ಹೋಗಬೇಕು."

ಗುರುಗಳು ಗೂಡಿನಲ್ಲಿದ್ದ ಅರಿಸಿನದ ದಾರ ತೆಗೆದರು. ಒಂದು ಎಳೆ ಹರಿದು ಅವನ ಮುಂಗೈಗೆ ಕಟ್ಟಿದರು.

"ಇದರಿಂದ ಹೋಗುತ್ತದೆಯೇ?"

"ಹೋಗುವುದಿಲ್ಲ. ಆ ಕಲೆ ಇಟ್ಟುಕೊಂಡೇ ಕಾಳು ಕಟ್ಟು."