ಸೊಟ್ಟ ರಾಡು, ನಡುಗುವ ಗಿಣಿ

ನಗು ಬಂದರೆ ನಕ್ಕುಬಿಡಿ, ತಡೆಯಬೇಡಿ. ಆಮೇಲೆ ನನಗಾದಂತೆ ನಿಮಗೂ ಬೇಜಾರಾದರೆ ನನ್ನನ್ನು ಬೈಯಬೇಡಿ.

ತಿಪಟೂರಿನಲ್ಲಿ ಸಾಕಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಈರ ಅಂತ ಒಬ್ಬನೇ ಮಗ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಬೆಳೆದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು.

ಅವನ ಅಪ್ಪ ಕಾಳಾಚಾರಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಹುಯ್ಯುವ ಮರದ ಅಚ್ಚುಗಳನ್ನು ಕೆತ್ತುತ್ತಿದ್ದ. ಕೈ ನಡುಗಲು ಶುರುವಾದ ಮೇಲೆ ಗುಜರಿಯ ಮೋಟಾರು, ತಿರುಗುತ್ತಾ ಉಳಿಯನ್ನು ಸರಿಸುವ ಉದ್ದನೆಯ ಸ್ಕ್ರೂ ರಾಡು ಎಲ್ಲ ಜೋಡಿಸಿ ಮನೆಯಲ್ಲೇ ಒಂದು ಸಿಎನ್‌ಸಿ ಮಿಷನ್ನು ಮಾಡಿದ. ಹಳೇ ಅಚ್ಚನ್ನು ಸೂಜಿಯಂಥ ಮುಳ್ಳಿನಿಂದ ತಡವಿ ನೋಡಿ, ಹೊಸ ಹಲಗೆಯಲ್ಲಿ ಹಾಗೇ ಕೆತ್ತುವ ಮಿಷನ್ನು. ಆದರೆ ರಾಡು ಸೊಟ್ಟಗಿತ್ತು, ಗೆರೆಯೆಲ್ಲ ಓಲಾಡುತ್ತಿತ್ತು. ಅದನ್ನು ಸರಿಮಾಡುವ ಮೊದಲೇ ಕಾಳಾಚಾರಿ ತೀರಿಕೊಂಡ.

ಅವನು ಕೊನೆಗೆ ಕೈಯಾರೆ ಕೆತ್ತಿದ್ದು ಒಂದು ಗಿಣಿಯ ಅಚ್ಚು. ಕೈ ನಡುಗಿದ್ದಕ್ಕೆ ಗಿಣಿಯ ಬಾಲವೂ ನಡುಗಿತ್ತು. ಬೇರೆಯವೆಲ್ಲ ಮಾರಿಹೋಗಿ ಅದೊಂದೇ ಉಳಿದಿತ್ತು. ಅದು ಸವೆದುಹೋಗುವ ಮೊದಲು ಅಂಥದ್ದೇ ಇನ್ನೊಂದು ಮಾಡಿಟ್ಟುಕೊಳ್ಳಬೇಕು ಅಂತ ಸಾಕಮ್ಮನ ಆಸೆ.

"ರೆಹಮತ್ ಸಾಬರ ಲೇತ್ ಅಂಗಡಿಗೆ ಹೋಗಿ ರಾಡು ನೆಟ್ಟಗೆ ಮಾಡಿಸ್ಕೊಂಡು ಬಾರೋ" ಅಂದಳು.

ಹೋದ. ಸಾಬರು ರಾಡನ್ನು ಗಾಜಿನ ಮೇಲೆ ಉರುಳಿಸಿ, ಎಲ್ಲಿ ಉಬ್ಬಿದೆ ನೋಡಿ, ಅಲ್ಲಿ ಮೆಲ್ಲಗೆ ಒತ್ತಿ ನೆಟ್ಟಗೆ ಮಾಡಿದರು. ಈರ ಅದನ್ನು ಸೈಕಲ್ಲಿಗೆ ಕಟ್ಟಿ ರಸ್ತೆಯುದ್ದಕ್ಕೂ ಎಳೆದುಕೊಂಡು ಬಂದ. ಮತ್ತೆ ಸೊಟ್ಟ.

"ಅಯ್ಯೋ ದಡ್ಡ ಮುಂಡೇದೆ, ಎಣ್ಣೆ ಸವರಿ, ಹಳೇ ಸೀರೇಲಿ ಸುತ್ತಿ, ಮಗೂನ ಎತ್ಕೊಂಡಂಗೆ ತರ್ಬೇಕು ಕಣೋ."

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೆಯ ದಿನ ಸಕ್ಕರೆ ತರಲು ಕಳಿಸಿದಳು. ಸಕ್ಕರೆಗೆ ಮಿಷನ್ ಎಣ್ಣೆ ಸುರಿದು, ಸೀರೆಯಲ್ಲಿ ಸುತ್ತಿ, ಜೋಗುಳ ಹಾಡುತ್ತಾ ತಂದ.

"ಒಣಗಿದ ಡಬ್ಬೀಲಿ ಹಾಕಿ, ತೇವ ಹಿಡೀದಂಗೆ ಬಿಗಿಯಾಗಿ ಮುಚ್ಬೇಕು ಕಣೋ."

"ಆಗ್ಲಿ ಕಣವ್ವ, ಇನ್ಮೇಲೆ ಬಿಗಿ."

ಸಾಬರು ರಾಡನ್ನು ಮತ್ತೆ ನೆಟ್ಟಗೆ ಮಾಡಿಕೊಟ್ಟರು. ಈ ಸಲ ಸಾಕಮ್ಮನೇ ಹೋಗಿ ತಂದಳು. ಈರ ಅದನ್ನು ಮಿಷನ್ನಿಗೆ ಕೂರಿಸಿ ಎರಡೂ ತುದಿ ಬಿಗಿದ, ಬಿಗಿದ, ಬಿಗಿದೇ ಬಿಗಿದ. ರಾಡು ತಿರುಗಲಿಲ್ಲ, ಮೋಟಾರು ಗೊರಗೊರ ಅಂತ ನಿಂತುಹೋಯಿತು. ಸಾಬರೇ ಮನೆಗೆ ಬಂದು ನೋಡಿದರು.

"ಇನ್ನೂ ಕೂದಲೆಳೆಯಷ್ಟು ಸೊಟ್ಟ ಇದ್ದೇ ಇರ್ತದೆ ಮಗಾ. ಒಂದು ಕಡೆ ಗಟ್ಟಿಯಾಗಿ ಹಿಡಿ, ಇನ್ನೊಂದು ಕಡೆ ಸಡಿಲ ಬಿಡು. ತಂತಾನೇ ಓಡ್ತದೆ" ಅಂತ ಹಾಗೇ ಮಾಡಿ ತೋರಿಸಿದರು. ನಿಜವಾಗಿಯೂ ಓಡಿತು. ಹಲಗೆಯ ಮೇಲೆ ನೇರವಾದ ಗೆರೆ ಮೂಡಿದ್ದು ಕಂಡು ಸಾಕಮ್ಮನ ಕಣ್ಣು ತುಂಬಿಬಂತು.

ಆ ಸಂಜೆ ಸಕ್ಕರೆ ಪಾಕದ ಪಾತ್ರೆ ಇಳಿಸಲು ಮಗನನ್ನು ಕರೆದಳು. ಈರ ಪಾತ್ರೆಯ ಒಂದು ಕಿವಿ ಗಟ್ಟಿಯಾಗಿ ಹಿಡಿದ, ಇನ್ನೊಂದು ಕಿವಿ ಸಡಿಲ ಬಿಟ್ಟ. ಪಾಕವೆಲ್ಲ ನೆಲದ ಪಾಲು.

"ಎಲ್ಲಾದಕ್ಕೂ ಒಂದೇ ಮಾತು ಹಚ್ತೀಯಲ್ಲೋ. ಮೊದ್ಲು ಕಣ್ಬಿಟ್ಟು ನೋಡು. ಸೊಟ್ಟಗಿದ್ರೆ ಸರಿಮಾಡು, ನೆಟ್ಟಗಿದ್ರೆ ಮುಟ್ಬೇಡ."

"ಆಗ್ಲಿ ಕಣವ್ವ, ಇನ್ಮೇಲೆ ನೋಡ್ತೀನಿ."

ಬೆಳಿಗ್ಗೆ ಗಿಣಿಯ ಅಚ್ಚನ್ನು ಮಗನ ಕೈಗಿಟ್ಟು, "ಮಿಷನ್ ಮೇಲೆ ಇಟ್ಟಿರು, ಮಿಂದು ಬರ್ತೀನಿ" ಅಂದಳು. ಇಷ್ಟು ಸಲ ಮೋಸ ಹೋದವಳು ಇನ್ನೊಂದು ಸಲ ಯಾಕೆ ನಂಬಿದಳೋ. ತಾಯಿಯಲ್ಲವೇ.

ಈರ ಕಣ್ಬಿಟ್ಟು ನೋಡಿದ. ರಾಡು ನೆಟ್ಟಗಿತ್ತು, ಮುಟ್ಟಲಿಲ್ಲ. ಗಿಣಿಯ ಬಾಲ ಸೊಟ್ಟಗಿತ್ತು. ಅಪ್ಪನ ಉಳಿ ತೆಗೆದುಕೊಂಡ. ಕೆರೆದ, ಕೆರೆದ, ಬಾಲ ನೆಟ್ಟಗಾಗುವ ತನಕ ಕೆರೆದ.

ಸಾಕಮ್ಮ ಬಂದು ನೋಡಿ, ಅಚ್ಚನ್ನು ಕೈಗೆತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತಳು. ಬೈಯಲಿಲ್ಲ. ಈರ ಬೈಗುಳಕ್ಕೆ ಕಾದು ನಿಂತ. ಬೈದರೆ ತಾನೇ ಮುಂದೇನು ಮಾಡಬೇಕು ಅಂತ ಅವನಿಗೆ ಗೊತ್ತಾಗುವುದು.

"ನಿಮ್ಮಪ್ಪನ ಕೈ ನಡುಗಿದ ಗುರುತು ಅದೊಂದೇ ಇತ್ತಲ್ಲೋ" ಅಂದಳು ಕೊನೆಗೆ. "ಎಲ್ಲಿಂದ ತರ್ಲಿ ಅದನ್ನ?"

"ಅಷ್ಟೇನಾ? ಇಲ್ಲೇ ಕೆಳಗೆ ಬಿದ್ದದೆ, ತರ್ತೀನಿ ಇರು."

ಮೇಜಿನ ಕೆಳಗೆ ನುಸುಳಿ ಮರದ ಪುಡಿಯನ್ನೆಲ್ಲ ಬಳಿದು ಒಟ್ಟು ಮಾಡಿದ. ಒಣಗಿದ ಡಬ್ಬಿ ಹುಡುಕಿ ತುಂಬಿದ, ಬಿಗಿಯಾಗಿ ಮುಚ್ಚಿದ, ಹಳೇ ಸೀರೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ತಂದು ತಾಯಿಯ ಮಡಿಲಿಗಿಟ್ಟ. ಎಣ್ಣೆಯೊಂದನ್ನು ಬಿಟ್ಟರೆ, ಜೀವನದಲ್ಲಿ ಮೊದಲ ಸಲ ಒಂದೂ ಮಾತು ಮರೆತಿರಲಿಲ್ಲ.

ಸಾಕಮ್ಮ ಡಬ್ಬಿಯನ್ನು ಅವುಚಿಕೊಂಡು ಅತ್ತಳು. ಈರ ಗಾಬರಿಯಾಗಿ ಅದನ್ನು ಅವಳ ಕೈಯಿಂದ ಕಿತ್ತುಕೊಂಡ.

"ಅಳ್ಬೇಡ ಕಣವ್ವ, ತೇವ ಹಿಡೀತದೆ."