ಗೆಂಡೆ ಮೀನು ತುತ್ತು ಉಗುಳಿ ನೋಡುವುದು ಯಾಕೆ

ಹತ್ತಿರ ಬನ್ನಿ, ಇನ್ನೂ ಹತ್ತಿರ. ಬಾಗಿಲು ಮುಂದೆ ಮಾಡಿ. ಇದು ಹೊಳೆಯೊಳಗಿನ ಮನೆಮಾತು. ಹೊರಗೆ ಬಿಟ್ಟೀರಾ, ಜೋಕೆ! ಕಪ್ಪೆಯ ಕಿವಿಗಂತೂ ಬೀಳಲೇಬಾರದು. ಅದರ ಬಾಯಿ ಎಂಥದ್ದು ಅಂತ ನಿಮಗೆ ಗೊತ್ತಲ್ಲ.

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಹೊಳೆ ಆಗಷ್ಟೇ ತಿರುವು ತಿರುಗುವುದನ್ನು ಕಲಿಯುತ್ತಿತ್ತು. ಆಗ ಗೆಂಡೆ ಮೀನುಗಳು ಸಿಕ್ಕಿದ್ದನ್ನೆಲ್ಲ ಗುಳುಂ ಅಂತ ನುಂಗುತ್ತಿದ್ದವು. "ತುತ್ತು ಉಗುಳೋದು ಗತಿಗೆಟ್ಟವರ ಚಾಳಿ" ಅನ್ನುತ್ತಿದ್ದಳು ಗೆಂಡವ್ವ. ಅವಳ ಬಿಂಕ ಏನು ಕೇಳ್ತೀರಿ! ಮದುವೆಗೆ ಬಂದ ಮಗಳೊಬ್ಬಳಿದ್ದಳು, ಹೊನ್ನಿ ಅಂತ. ಅವಳಿಗೆ ಮೇಲ್ಮಡುವಿನ ಗಂಡೇ ಆಗಬೇಕಂತೆ!

ದಡದಲ್ಲಿ ಪುಟ್ಟೀರಮ್ಮ ಅಂತ ಬೆಸ್ತರ ಹೆಂಗಸು. ಗಾಳ ಹಾಕುವ ಜಾಗಕ್ಕೆ ಮೀನು ಸೇರಲಿ ಅಂತ ಮನೆಯಲ್ಲೇ ಹುರುಳಿಯ ಎರೆ ಮಾಡುತ್ತಿದ್ದಳು. ಹುರುಳಿ ನೆನೆಹಾಕಿ, ಉಗುರಿಗೆ ಹಿಸುಕುವಷ್ಟು ಬೇಯಿಸಿ, ಬಿಸಿಬೂದಿಯಲ್ಲಿ ಮಡಕೆ ಹೂತು ಹುಳಿ ಬರಿಸುವಳು. ಆಮೇಲೆ ಹಿಡಿಹಿಡಿಯಾಗಿ ನೀರಿಗೆ ಎರಚುವಳು. ಆ ಹುಳಿ ವಾಸನೆಗೆ ಹೊಳೆಗೆ ಹೊಳೆಯೇ ಓಡಿ ಬರೋದು.

ಒಂದು ದಿನ ಅವಳ ಮನೆಗೆ ಬೀಗರು ಬಂದರು. ಮೀನು ಸಾರು ಆಗಲೇಬೇಕು, ಒಲೆ ಬಿಡುವಿಲ್ಲ. "ನೀರಿಗೆ ಬಿದ್ಮೇಲೆ ತಾನೇ ನೆನೆಯುತ್ತೆ ಬಿಡು" ಅಂತ ಒಣ ಹುರುಳಿಯನ್ನೇ ಎರಚಿಬಿಟ್ಟಳು. ಮೈಗಳ್ಳಿ, ಇನ್ನೇನು!

ಗೆಂಡವ್ವ ಮಗಳನ್ನು ಮುಂದಕ್ಕೆ ನೂಕಿದಳು. "ತಿನ್ನೇ, ಮೈ ತುಂಬ್ಕೊ. ಬಡಕಲಿಯನ್ನ ಯಾರು ಒಪ್ತಾರೆ?"

"ವಾಸನೆನೇ ಇಲ್ಲ ಕಣವ್ವ."

"ತಿನ್ನು ಅಂದ್ರೆ ತಿನ್ನು!"

ಗುಳುಂ, ಗುಳುಂ, ಗುಳುಂ.

ಬಿಸಿಲು ಏರಿತು. ಹೊನ್ನಿಯ ಹೊಟ್ಟೆಯೂ ಏರಿತು. ಗೆಂಡವ್ವ ನೋಡಿದಳು. ಮದುವೆಯಾಗದ ಹುಡುಗಿ, ಹೊಟ್ಟೆ ನೋಡಿದರೆ ಹೀಗೆ! ಮಗಳನ್ನು ಪಾಚಿಯೊಳಗೆ ತಳ್ಳಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಹೊನ್ನಿ ಎಲ್ಲಿ?" ಗಾಳಿ ಕೇಳಿತು. "ಮಲಗಿದ್ದಾಳೆ."

"ಹೊನ್ನಿ ಎಲ್ಲಿ?" ಹೊಳೆ ಕೇಳಿತು. "ಮಲಗಿದ್ದಾಳೆ ಅಂದ್ನಲ್ಲ!"

ಒಳಗೆ ಹೊನ್ನಿಯ ಕಿವಿರು ಬಡಿಯುವುದು ನಿಧಾನವಾಗುತ್ತಿತ್ತು. ಹೊರಗೆ ಕಪ್ಪೆ ಆಗಲೇ ಕೊಕ್ಕರೆಗೆ ಹೇಳಿತ್ತು, ಕೊಕ್ಕರೆ ಗಾಳಿಗೆ ಹೇಳಿತ್ತು. ಯಾರನ್ನಾದರೂ ಕರೆದರೆ ಮಾನ ಹೋಗುತ್ತೆ. ಕರೆಯದಿದ್ದರೆ ಮಗಳೇ ಹೋಗುತ್ತಾಳೆ. ಗೆಂಡವ್ವ ಬಾಗಿಲಿಗೆ ಬೆನ್ನನ್ನು ಇನ್ನಷ್ಟು ಒತ್ತಿ ನಿಂತಳು.

ಪಕ್ಕದ ಬಿಲದ ಏಡಕ್ಕ ಸುಮ್ಮನಿರುವ ಹೆಂಗಸೇ? "ಏನೇ ಗೆಂಡವ್ವ, ಮೊಮ್ಮಗು ಮುಖ ನಮಗೂ ಒಂಚೂರು ತೋರಿಸೆ!" ಅಂತ ನಗುತ್ತಲೇ ಪಕ್ಕದಿಂದ ನುಸುಳಿದಳು.

ನೋಡಿದ್ದೇ ನಗು ನಿಂತಿತು. ಇಕ್ಕಳದಂಥ ಏಡಿಗೊಂಬಿನಿಂದ ಹೊನ್ನಿಯ ಹೊಟ್ಟೆ ತಟ್ಟಿದಳು. ಟಕ್, ಟಕ್.

"ಬಸುರಲ್ಲ ಕಣೇ, ಹುರುಳಿ! ಬೇಯದ ಹುರುಳಿ ಒಳಗೆ ನೆಂದು ಉಬ್ಬುತ್ತಾ ಇದೆ. ಬಾಯಿಗೆ ಬಾಯಿ ಕೊಟ್ಟು ಹೀರು!"

"ಹೀರಿ?"

"ಉಗುಳೇ, ಬಿಂಕದವಳೇ!"

ಹೀರಿದಳು, ಉಗುಳಿದಳು. ಹೀರಿದಳು, ಉಗುಳಿದಳು. ಅಷ್ಟರಲ್ಲಿ ಹೊನ್ನಿಯ ಕಿವಿರು ನಿಂತೇ ಹೋಯಿತು. ಹೊಳೆಯೂ ಹರಿಯುವುದು ಮರೆತು ನೋಡುತ್ತ ನಿಂತಿತು. ಗೆಂಡವ್ವ ಕಣ್ಣು ಮುಚ್ಚಿ ಮತ್ತೆ ಹೀರಿದಳು. ಊದಿದ ಒಂದು ಕಾಳು ಪುಸಕ್ಕಂತ ಹೊರಬಂತು. ಕಿವಿರು ಒಮ್ಮೆ ಅದುರಿತು. ಇನ್ನೊಮ್ಮೆ. ಆಮೇಲೆ, "ಅವ್ವಾ..."

ಅವತ್ತಿನಿಂದ ಗೆಂಡೆ ಯಾವ ತುತ್ತನ್ನೂ ನೇರ ನುಂಗುವುದಿಲ್ಲ. ಹೀರುತ್ತೆ, ಉಗುಳುತ್ತೆ, ಮತ್ತೆ ಹೀರಿ ನೋಡುತ್ತೆ. ಗಾಳದ ಬೆಂಡು ಮುಳುಗುವ ಮೊದಲು ನೀರ ಮೇಲೆ ನಡುಗೋದನ್ನು ಈಗಲೂ ನೀವು ನೋಡ್ತೀರಲ್ಲ, ಅದು ಕೆಳಗಿರುವ ಗೆಂಡೆಯ ಅಂಜಿಕೆ.

ಏಡಕ್ಕ ಅವತ್ತು ಸುಮ್ಮನೆ ಹೋದಳು ಅಂದುಕೊಂಡಿರಾ? ಕೊಂಬು ಎರಡನ್ನೂ ಸೊಂಟಕ್ಕೆ ಇಟ್ಟು, ಗೆಂಡವ್ವನ ಮುಖಕ್ಕೇ ಹೇಳಿ ಹೋದಳು: "ಊರು ಏನಂದೀತು ಅಂತ ಬಾಗಿಲು ಕಾದೆಯಲ್ಲೇ, ಏನಾಗ್ತಿದೆ ಮಗಳೇ ಅಂತ ಅವಳನ್ನ ಒಂದು ಮಾತು ಕೇಳಿದ್ಯಾ?"